ಹಟ ಹಿಡಿದ ಬಂದೂಕನ್ನು ಬಿಚ್ಚುವ ಬಗೆ

(ಸಂಘದ ಮಾಸಿಕ ಕೂಟದಲ್ಲಿ, ದಸರೆಯ ಮರುವಾರ, ಮಾಡಿದ ಭಾಷಣ)



ಈ ವೇದಿಕೆಯಿಂದ ಕಳೆದ ತಿಂಗಳುಗಳಲ್ಲಿ ವಚನಗಳ ವಿಷಯವಾಗಿಯೂ, ದಾಸರ ಪದಗಳ ವಿಷಯವಾಗಿಯೂ, ಪರಸ್ಥಳದಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆಂಬ ವಿಷಯವಾಗಿಯೂ ವಿದ್ವಾಂಸರು ಮಾತನಾಡಿದ್ದಾರೆ. ನಾವು ವಿದ್ವಾಂಸರಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಕಾರ್ಯದರ್ಶಿಗಳು ನಮ್ಮನ್ನು ಮಾತಿಗೆ ಕರೆದಾಗ ಠೇವಣಿ, ಬಡ್ಡಿ ಇವುಗಳ ಬಗ್ಗೆ ಏನಾದರೂ ಹೇಳುವೆವೆಂದು ಅವರು ಎಣಿಸಿರಬೇಕು. ಭಾನುವಾರದ ಸಂಜೆ ಉಪ್ಪಿಟ್ಟು ತಿಂದು ಕುಳಿತ ಜನಕ್ಕೆ ಬಡ್ಡಿಯ ಲೆಕ್ಕ ಹೇಳುವಷ್ಟು ಕಠಿಣ ಮನಸ್ಸು ನಮಗಿಲ್ಲ. ಆಯುಧಪೂಜೆ ಈಗ ತಾನೆ ಮುಗಿದಿದೆ. ಆದುದರಿಂದ ಒಂದು ಆಯುಧದ ಮಾತನ್ನೇ ಎತ್ತಿಕೊಂಡಿದ್ದೇವೆ. ದಂಡಿನಲ್ಲಿ ಸೇವೆ ಮುಗಿಸಿದ ಹಳೆಯ ಬಂದೂಕೊಂದು ತುಕ್ಕು ಹಿಡಿದು, ಮರ ಉಬ್ಬಿ, ಬಿಚ್ಚಲು ಬರಲೊಲ್ಲದು ಎಂದು ಕುಳಿತರೆ ಅದಕ್ಕೆ ಗಾಯವಾಗದಂತೆ ಬಿಚ್ಚುವುದು ಹೇಗೆ ಎಂಬುದು ವಿಷಯ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ, ಇಲ್ಲವಾದರೆ ಹಿಂದಿನ ಸಾಲಿನಲ್ಲಿ ಕುಳಿತಿರುವ ವಕೀಲರು ಎದ್ದು ನಿಂತಾರು. ನಾವು ಹೇಳುವ ಬಂದೂಕು ಪಾಯಿಂಟ್ ೩೦೩ ಅಳತೆಯದು. ನಮ್ಮ ದೇಶದಲ್ಲಿ ಅದು ನಿಷಿದ್ಧ ಅಳತೆಗಳ ಪಟ್ಟಿಯಲ್ಲಿದೆ. ಸಾಮಾನ್ಯ ನಾಗರಿಕನು ಅದನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ನಾಗರಿಕರಿಗೆಂದೇ ಅದೇ ಕಾರ್ಖಾನೆಯಲ್ಲಿ, ಅದೇ ಮಾದರಿಯಲ್ಲಿ, ಪಾಯಿಂಟ್ ೩೧೫ ಅಳತೆಯ ಬೇರೆ ರೈಫಲನ್ನು ಮಾಡಿದರು. ಅದಕ್ಕೂ ಲೈಸೆನ್ಸು ಬೇಕು. ಕೊಡಗಿನವರು ಮಾತ್ರ ಭಾಗ್ಯವಂತರು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಾಮಾನ್ಯ ಕೋವಿಗಳಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ, ಮತ್ತು ಅವರು ಕೈಲ್ ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನಮ್ಮ ಪಾಲಿಗೆ ಬಂದೂಕು ಬಂದದ್ದು ಪೂಜೆಯ ದಾರಿಯಿಂದಲ್ಲ, ಎನ್.ಸಿ.ಸಿ.ಯ ದಾರಿಯಿಂದ.

ಇನ್ನು ಮುಂದೆ 'ನಾವು' ಎಂದರೆ ಪುಣೆಯ ಕಾಲೇಜೊಂದರಲ್ಲಿ ಕೆಡೆಟ್ಟುಗಳಾಗಿದ್ದ ನಾವು ಐವರು ಎಂದು ತಿಳಿಯಬೇಕು. ನಮ್ಮ ಕಾಲೇಜಿನ ಕೋತಿನಲ್ಲಿ, ಎಂದರೆ ಆಯುಧಗಳ ಕೋಣೆಯಲ್ಲಿ, ಹನ್ನೆರಡು ಹಳೆಯ ರೈಫಲುಗಳಿದ್ದವು. ಅವು ಗುಂಡು ಹಾರಿಸುವ ಬಂದೂಕುಗಳಲ್ಲ. ನಳಿಗೆಗೆ ತೂತು ಕೊರೆದು, ಸೂಜಿಯನ್ನು ತುಂಡರಿಸಿ, ಕವಾಯತಿಗೆ ಮಾತ್ರ ಎಂದು 'ಡಿ.ಪಿ.' ಎಂಬ ಎರಡಕ್ಷರ ಹೊಡೆದವು. ಭುಜಕ್ಕೇರಿಸುವುದು, ಇಳಿಸುವುದು, ಸಲಾಮಿ ಕೊಡುವುದು, ಇಷ್ಟೇ ಅವುಗಳ ಪಿಂಚಣಿಯ ಕೆಲಸ. ಆದರೂ ಅವು ಸರಕಾರದ ಸ್ವತ್ತು. ಪ್ರತಿಯೊಂದಕ್ಕೂ ರಿಜಿಸ್ಟರಿನಲ್ಲಿ ಒಂದೊಂದು ಸಾಲು. ಕೊಟ್ಟಾಗ ಹೇಗಿತ್ತೋ ಹಾಗೆ ಹಿಂದಕ್ಕೆ ಕೊಡಬೇಕು. ೨೦೦೮ರ ಮಳೆಗಾಲದಲ್ಲಿ ಅವುಗಳನ್ನು ಹಿಂದಕ್ಕೆ ಕಳಿಸಬೇಕೆಂದು ಆಜ್ಞೆ ಬಂತು. ಅದೇ ಮಳೆಗಾಲದಲ್ಲಿ ಕೋತಿನ ಮಾಳಿಗೆ ಸೋರಿತು.

ಬಂದೂಕಿನ ಮೇಲೆ ನೀರು ಬಿದ್ದರೆ ಒರೆಸಿ ಎಣ್ಣೆ ಹಚ್ಚಿದರಾಯಿತಲ್ಲ ಎನ್ನಬಹುದು. ಕಾಣುವ ಕಬ್ಬಿಣಕ್ಕೆ ಅದು ಸಾಕು. ಆದರೆ ಈ ಬಂದೂಕಿನಲ್ಲಿ ನಳಿಗೆಯ ಬಹುಭಾಗ ಮರದೊಳಗೆ ಹುದುಗಿರುತ್ತದೆ. ಮರ ನೀರನ್ನು ಕುಡಿದು, ಒದ್ದೆ ಬಟ್ಟೆ ಸುತ್ತಿದಂತೆ, ದಿನಗಟ್ಟಲೆ ಕಬ್ಬಿಣಕ್ಕೆ ಒತ್ತಿಕೊಂಡಿರುತ್ತದೆ. ಹೊರಗೆ ಹೊಳಪು, ಒಳಗೆ ತುಕ್ಕು. ಮರ ಬಿಚ್ಚದೆ ಒಳಗಿನ ಸಂಗತಿ ತಿಳಿಯದು. ಮರ ಬಿಚ್ಚುವುದೋ, ಸೈನಿಕನಿಗೂ ಹೇಳಿದ ಕೆಲಸವಲ್ಲ. ಬೋಲ್ಟು ತೆಗೆಯಬಹುದು, ಮ್ಯಾಗಝೀನು ತೆಗೆಯಬಹುದು, ನಳಿಗೆ ಒರೆಸಬಹುದು. ಅಲ್ಲಿಂದ ಮುಂದೆ ಆರ್ಮರರ್ ಎಂಬ ಕುಶಲಿಯ ಅಧಿಕಾರ. ಹೀಗಾಗಿ ಒಬ್ಬ ಹವಾಲ್ದಾರರನ್ನು ಕಳಿಸಿದರು. ಐವತ್ತರ ಹತ್ತಿರದ ಮನುಷ್ಯ, ಸೇವೆ ಮುಗಿಯಲು ಎರಡು ವರ್ಷ ಬಾಕಿ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಅವರ ಕೈಕೆಳಗೆ ಹಿಡಿ ಎಂದದ್ದು ಹಿಡಿಯಲು, ಒರೆಸು ಎಂದದ್ದು ಒರೆಸಲು ನಮ್ಮನ್ನು ನೇಮಿಸಿದರು.

ಎನ್.ಸಿ.ಸಿ.ಯಲ್ಲಿ ಕಲಿಸುವವರನ್ನು 'ಉಸ್ತಾದ್' ಎನ್ನುವುದು ವಾಡಿಕೆ. ಮೊದಲ ದಿನ ಎಲ್ಲವೂ ಹಿಂದಿಯಲ್ಲೇ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ತಿರುಪು ಜಗ್ಗದೆ ನಿಂತಾಗ ಉಸ್ತಾದರು ಮೆಲ್ಲಗೆ ತಮ್ಮಷ್ಟಕ್ಕೆ, "ಏನ್ ಹಟಾ ಹಿಡದೈತಿ ನೋಡ್ ಮಗಂದು" ಎಂದರು. ನಮ್ಮಲ್ಲಿ ಇಬ್ಬರು ಕನ್ನಡಿಗರು. ಇಬ್ಬರೂ ಒಮ್ಮೆಗೇ ತಲೆ ಎತ್ತಿದೆವು. ಅವರು ಬೈಲಹೊಂಗಲದ ಕಡೆಯವರು. ಸಿಕಂದರಾಬಾದಿನಲ್ಲಿ ಕೆಲಸ ಕಲಿತು ಊರೂರು ಸುತ್ತಿ ಖಡಕಿಗೆ ಬಂದವರು. ಅಂದಿನಿಂದ ಎಲ್ಲರೆದುರಿಗೆ ಉಸ್ತಾದ್, ನಾವಿಬ್ಬರೇ ಇದ್ದಾಗ ಕಾಕಾ. ಉಳಿದ ಮೂವರು ಮರಾಠಿ ಗೆಳೆಯರೂ ವಾರದೊಳಗೆ ಕಾಕಾ ಎನ್ನತೊಡಗಿದರೆನ್ನಿ. ಅವರಿಗೂ ಆ ಮಾತು ಮನೆಯದೇ.

ಈಗ ಬಂದೂಕಿನ ಪರಿಚಯ ಸ್ವಲ್ಪ ಆಗಬೇಕು. ಇದರ ಹೆಸರು ಲೀ-ಎನ್‌ಫೀಲ್ಡ್. ಲೀ ಎಂಬುವನು ಬೋಲ್ಟಿನ ಯಂತ್ರವನ್ನು ಯೋಜಿಸಿದವನು, ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದವನು. ಎನ್‌ಫೀಲ್ಡ್ ಎಂಬುದು ಇಂಗ್ಲೆಂಡಿನ ಕಾರ್ಖಾನೆಯ ಊರು. ನಾವು ಕಂಡ ಮಾದರಿಯನ್ನು ಬ್ರಿಟಿಷರು ೧೯೦೭ರಲ್ಲಿ ಅಂಗೀಕರಿಸಿದರು. ನಾಲ್ವತ್ತನಾಲ್ಕೂವರೆ ಅಂಗುಲ ಉದ್ದ, ಸುಮಾರು ನಾಲ್ಕು ಕಿಲೋ ತೂಕ, ಮ್ಯಾಗಝೀನಿನಲ್ಲಿ ಹತ್ತು ಗುಂಡು. ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ದಂಡೆಯಲ್ಲಿ ಇಶಾಪುರವೆಂಬ ಊರಿದೆ. ಅಲ್ಲಿನ ರೈಫಲ್ ಕಾರ್ಖಾನೆಯಲ್ಲಿ ಇದನ್ನು ಎರಡು ಮಹಾಯುದ್ಧಗಳಿಗೂ, ಸ್ವಾತಂತ್ರ್ಯ ಬಂದ ಮೇಲೆಯೂ ಮಾಡಿದರು. ೧೯೬೨ರಲ್ಲಿ ಹಿಮಾಲಯದಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದು ಇದೇ. ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಹಿಂದೆಳೆದು ಮುಂದೂಡಬೇಕು. ಆ ಯುದ್ಧದ ನಂತರ ತಾನಾಗಿ ಮರುತುಂಬುವ ರೈಫಲುಗಳು ಬೇಗಬೇಗ ಬಂದವು. ಇವು ಪೋಲೀಸರಿಗೆ, ಕಾವಲುಗಾರರಿಗೆ, ಕಡೆಗೆ ಕಾಲೇಜಿನ ಹುಡುಗರಿಗೆ ಇಳಿದವು. ಎಷ್ಟೋ ಬಂದೂಕುಗಳು ಸಮುದ್ರ ದಾಟಿ ಅಮೆರಿಕದ ಹವ್ಯಾಸಿಗಳ ಮನೆ ಸೇರಿದವು. ಇಶಾಪುರದವರು ಮುಂದಿನ ಮರ ಸೀಳದಿರಲೆಂದು ಅದಕ್ಕೆ ಅಡ್ಡಲಾಗಿ ಒಂದು ತಿರುಪನ್ನು ಹಾಕುತ್ತಿದ್ದರು. ಅದು ಈಗಲೂ ಆ ಹವ್ಯಾಸಿಗಳ ಬಾಯಲ್ಲಿ 'ಇಶಾಪುರ್ ಸ್ಕ್ರೂ' ಎಂದೇ ಹೆಸರಾಗಿದೆ. ಹೂಗ್ಲಿ ದಂಡೆಯ ಊರಿನ ಹೆಸರು ಅಲ್ಲಿಯ ಜನ ಹೇಳುವಂತೆ ಒಂದು ತಿರುಪು ಮಾಡಿತು.

ಮರ ಸೀಳುವುದು ಎಂದೆವಲ್ಲ, ಇಡೀ ವಿದ್ಯೆಯ ಗುಟ್ಟು ಅಲ್ಲಿಯೇ ಇದೆ. ಈ ಬಂದೂಕಿಗೆ ಮರದ ಎರಡು ಮುಖ್ಯ ತುಂಡುಗಳು. ಭುಜಕ್ಕೆ ಆನಿಸುವ ಬಟ್ಟು ಒಂದು. ನಳಿಗೆಯ ಕೆಳಗೆ ಉದ್ದಕ್ಕೂ ಹಾಯುವ ಮುಂದಿನ ಮರ ಇನ್ನೊಂದು. ನಡುವೆ ಉಕ್ಕಿನ ಬಾಡಿ. ಬಟ್ಟನ್ನು ಬಾಡಿಗೆ ಬಿಗಿಯುವುದು ಒಂದು ಉದ್ದನೆಯ ಬೋಲ್ಟು. ಅದು ಬಟ್ಟಿನ ಹೊಟ್ಟೆಯೊಳಗಿನಿಂದ ಹಾದುಬರುತ್ತದೆ. ಆ ಬೋಲ್ಟಿನ ತುದಿ ದುಂಡಗಿಲ್ಲ, ಚೌಕ. ಬಾಡಿಯನ್ನು ದಾಟಿ ಹೊರಬಂದ ಆ ಚೌಕವು ಮುಂದಿನ ಮರದ ಬೆನ್ನಿಗೆ ಕೂಡಿಸಿದ ಒಂದು ಸಣ್ಣ ತಗಡಿನ ಗಾಡಿಯಲ್ಲಿ ಕುಳಿತಿರುತ್ತದೆ. ಏಕೆ? ಕವಾಯತಿನ ಹೊಡೆತಕ್ಕೆ, ಗುಂಡಿನ ಒದೆತಕ್ಕೆ ಬೋಲ್ಟು ತಾನಾಗಿ ತಿರುಗಿ ಸಡಿಲವಾಗಬಾರದೆಂದು. ಬಹಳ ಒಳ್ಳೆಯ ಯೋಜನೆ. ಆದರೆ ಇದನ್ನರಿಯದವನು ಬಟ್ಟು ಮೊದಲು ಬಿಚ್ಚಲು ಹೋಗುತ್ತಾನೆ, ಏಕೆಂದರೆ ಬಟ್ಟು ಕಣ್ಣಿಗೆ ಬೀಳುವಂಥದು, ಬೋಲ್ಟು ಒಂದೇ. ಹಿತ್ತಾಳೆಯ ಬುಡದ ಬಾಗಿಲು ತೆರೆದು, ಒಳಗಿನ ತೊಗಲಿನ ಬಿರಡೆ ಕಿತ್ತು, ಉದ್ದನೆಯ ಸ್ಕ್ರೂಡ್ರೈವರು ಹಾಕಿ ತಿರುಗಿಸುತ್ತಾನೆ. ಬರುವುದಿಲ್ಲ. ಇನ್ನಷ್ಟು ಬಲ ಹಾಕುತ್ತಾನೆ. ಟಕ್ಕೆಂದು ಶಬ್ದವಾಗಿ ಬೋಲ್ಟು ತಿರುಗುತ್ತದೆ. ಅವನು ಗೆದ್ದೆನೆಂದು ಬೀಗುತ್ತಾನೆ. ಆ ಶಬ್ದ ಬೋಲ್ಟಿನದಲ್ಲ. ಚೌಕದ ತುದಿ ತಿರುಗಿ, ತಗಡನ್ನು ಮುರಿದು, ಮುಂದಿನ ಮರದ ಬೆನ್ನನ್ನು ಸೀಳಿದ ಶಬ್ದ ಅದು.

ನಮ್ಮ ಹನ್ನೆರಡರಲ್ಲಿ ಮೂರು ಬಂದೂಕುಗಳಿಗೆ ಹೀಗೇ ಆಗಿತ್ತು. ಯಾವಾಗ ಯಾರು ಮಾಡಿದರೋ, ಸೀಳಿನಲ್ಲಿ ಹಳೆಯ ಎಣ್ಣೆ ಕೂತು ಕಪ್ಪಾಗಿತ್ತು. ಉಸ್ತಾದರು ಸೀಳಿನ ಮೇಲೆ ಉಗುರು ಆಡಿಸಿ, "ಇದನ್ನ ಬಟ್ಟಿಂದ ಶುರು ಮಾಡ್ಯಾರ" ಎಂದರು. ಬಿಚ್ಚಿ ನೋಡದೆಯೇ ಹೇಳಿದರು. ರಿಜಿಸ್ಟರಿನಲ್ಲಿ ಆ ಮೂರರ ಮುಂದೆ ಮರದ ವಿಷಯ ಏನೂ ಬರೆದಿರಲಿಲ್ಲ; ಒಳ್ಳೆಯ ಸ್ಥಿತಿಯೆಂದೇ ಕಾಲೇಜಿಗೆ ಬಂದಿದ್ದವು. ಹಾಗಾಗಿ ಜವಾಬು ಕೊಡಬೇಕಾದವರು ಈಗ ಕೈಯಲ್ಲಿ ಹಿಡಿದವರು. ಬ್ಯಾಂಕಿನಲ್ಲಿಯೂ ಕ್ಯಾಶು ಕಡಿಮೆ ಬಿದ್ದರೆ ಸಂಜೆ ಪೆಟ್ಟಿಗೆಯ ಮುಂದೆ ಕುಳಿತವನನ್ನೇ ಕೇಳುತ್ತಾರೆ. ಬೆಳಿಗ್ಗೆ ಯಾರಿದ್ದರೆಂದು ಕೇಳುವವರು ಕಡಿಮೆ. ಇನ್ನೊಂದು ಮರ ಒಡೆದರೆ ಪತ್ರಗಳು ಹೋಗುತ್ತವೆ, ವಿಚಾರಣೆ ಕೂರುತ್ತದೆ, ಇಪ್ಪತ್ತಾರು ವರ್ಷದ ಸೇವೆಯ ಕೊನೆಯಲ್ಲಿ ಆ ಹವಾಲ್ದಾರರ ಕಾಗದದ ಮೇಲೆ ಒಂದು ಕಪ್ಪು ಸಾಲು ಬೀಳುತ್ತದೆ. ಇದು ಬಾಯಿ ಬಿಟ್ಟು ಅವರು ಹೇಳಿದ್ದಲ್ಲ, ನಮಗೆ ಅರ್ಥವಾದದ್ದು.

ಅವರ ಕ್ರಮ ಹೀಗಿತ್ತು. ತೂತು ಕೊರೆದ ಬಂದೂಕಾದರೂ ಸರಿ, ಮೇಜಿನ ಮೇಲೆ ಇಡುವ ಮೊದಲು ಬೋಲ್ಟು ಎಳೆದು, ಗೂಡಿನಲ್ಲಿ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಖಾಲಿ ಎಂದು ಹೇಳಬೇಕು. ಹನ್ನೆರಡಕ್ಕೂ ಹನ್ನೆರಡು ಸಾರಿ ಹೇಳಿಸಿದರು. ಬಳಿಕ ಬೋಲ್ಟು ಹಿಂದಕ್ಕೆಳೆದು, ಅದರ ತಲೆಯನ್ನು ಮೇಲಕ್ಕೆ ಎಬ್ಬಿಸಿ ಹೊರತೆಗೆಯುವುದು. ಬೋಲ್ಟಿನ ಮೇಲಿನ ಅಂಕಿಯೂ ಬಾಡಿಯ ಮೇಲಿನ ಅಂಕಿಯೂ ಒಂದೇ ಇರಬೇಕು. ಒಂದರ ಬೋಲ್ಟು ಇನ್ನೊಂದಕ್ಕೆ ಹಾಕುವಂತಿಲ್ಲ. ಒಂದೊಂದು ಬೋಲ್ಟನ್ನೂ ಅದರದೇ ಬಾಡಿಗೆ ಕೂಡಿಸಿ ಹೊಂದಿಸಿರುತ್ತಾರೆ. ವೋಚರಿನ ಅಂಕಿಯನ್ನು ಲೆಡ್ಜರಿಗೆ ತಾಳೆ ನೋಡುವ ಅಭ್ಯಾಸ ನಮಗೆ ಬ್ಯಾಂಕಿನಲ್ಲಿ ಬಂತೆಂದು ಮ್ಯಾನೇಜರರು ತಿಳಿದಿದ್ದಾರೆ. ಬಂದದ್ದು ಇಲ್ಲಿ.

ಆಮೇಲೆ ರಟ್ಟು. ಒಂದು ದೊಡ್ಡ ರಟ್ಟಿನ ಮೇಲೆ ಬಂದೂಕಿನ ಆಕಾರ ಬರೆದು, ತಿರುಪು ಇರುವ ಜಾಗಗಳಲ್ಲೆಲ್ಲ ತೂತು ಮಾಡಿದ್ದರು. ಬಿಚ್ಚಿದ ತಿರುಪನ್ನು ಆಯಾ ತೂತಿಗೇ ಚುಚ್ಚಬೇಕು. ಈ ತಿರುಪುಗಳ ಎಳೆ ಬಜಾರಿನ ತಿರುಪಿನ ಎಳೆಯಲ್ಲ, ಆ ಕಾರ್ಖಾನೆಯದೇ ಒಂದು ಅಳತೆ. ಕಳೆದರೆ ಬುಧವಾರ ಪೇಟೆಯ ಅಂಗಡಿಗಳೆಲ್ಲ ಸುತ್ತಿದರೂ ಸಿಗದು. ಹತ್ತಿರ ಬರುವಂಥದನ್ನು ತುರುಕಿದರೆ ಗಾಡಿಯೇ ಹಾಳು.

ಸ್ಕ್ರೂಡ್ರೈವರಿನ ವಿಷಯದಲ್ಲಿ ಉಸ್ತಾದರದು ಬಹಳ ಮಡಿ. ನಮ್ಮ ಮನೆಗಳಲ್ಲಿ ಒಂದೇ ಸ್ಕ್ರೂಡ್ರೈವರು ಹೊಲಿಗೆ ಯಂತ್ರಕ್ಕೂ, ಇಸ್ತ್ರಿ ಪೆಟ್ಟಿಗೆಗೂ, ಪೇಂಟಿನ ಡಬ್ಬದ ಮುಚ್ಚಳಕ್ಕೂ ದುಡಿಯುತ್ತದೆ. ಅದರ ತುದಿ ಉಳಿಯಂತೆ ಇಳಿಜಾರಾಗಿರುವುದರಿಂದ ತಿರುಪಿನ ಸೀಳಿನಲ್ಲಿ ಬುಡದ ತನಕ ಕೂರುವುದಿಲ್ಲ. ಬಲ ಬಿದ್ದಾಗ ಮೇಲಕ್ಕೆ ಹಾರಿ ಸೀಳಿನ ಅಂಚು ಕೀಳುತ್ತದೆ. ಉಸ್ತಾದರ ಪೆಟ್ಟಿಗೆಯಲ್ಲಿ ಎಂಟು ಸ್ಕ್ರೂಡ್ರೈವರುಗಳು. ಪ್ರತಿಯೊಂದರ ತುದಿಯನ್ನೂ ಒಂದೊಂದು ತಿರುಪಿನ ಸೀಳಿಗೆ ಸರಿಯಾಗಿ, ಅಗಲದಲ್ಲಿಯೂ ದಪ್ಪದಲ್ಲಿಯೂ ತುಂಬುವ ಹಾಗೆ, ಪಕ್ಕಗಳು ಸಮಾನಾಂತರವಾಗಿ ಉಜ್ಜಿಕೊಂಡಿದ್ದರು. ಹಾಕಿ ಕೈ ಬಿಟ್ಟರೆ ಸ್ಕ್ರೂಡ್ರೈವರು ತಾನೇ ನೆಟ್ಟಗೆ ನಿಲ್ಲಬೇಕು. ನಿಂತರೆ ಮಾತ್ರ ತಿರುಗಿಸು ಎನ್ನುವರು.

ಜಗ್ಗದ ತಿರುಪಿಗೆ ಅವರ ಔಷಧಗಳು ಒಂದಾದ ಮೇಲೊಂದು. ಮೊದಲು ಸೀಳಿನೊಳಗಿನ ಮಣ್ಣು, ಪಾಲಿಶು ಎಲ್ಲವನ್ನೂ ಸೂಜಿಯಿಂದ ಕೆದಕಿ ತೆಗೆಯುವುದು. ತಿರುಪು ತಾನಾಗಿ ಸಡಿಲವಾಗದಿರಲೆಂದು ಅಂಚಿನಲ್ಲಿ ಚುಚ್ಚಿ ಮುದ್ರೆ ಹೊಡೆದಿದ್ದರೆ ಆ ಉಬ್ಬನ್ನು ಮೊದಲು ತೆಗೆಯುವುದು. ನಂತರ ಸೀಮೆಎಣ್ಣೆ ಬೆರೆತ ತೆಳುವಾದ ಎಣ್ಣೆಯ ಒಂದೆರಡು ಹನಿ, ಒಂದು ರಾತ್ರಿ ಕಾಯುವಿಕೆ. ಮರುದಿನ ಸ್ಕ್ರೂಡ್ರೈವರು ಹಾಕಿ ಹಿಡಿಯ ಮೇಲೆ ಸಣ್ಣ ಪೆಟ್ಟು, ತುಕ್ಕಿನ ಹಿಡಿತ ಬಿರಿಯಲಿ ಎಂದು. ಬಳಿಕ, ಇದು ನಮಗೆ ಸೋಜಿಗವೆನಿಸಿತು, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸುವುದು. ಅತ್ತ ಅಲುಗಿದ ತಿರುಪು ಇತ್ತಲೂ ಅಲುಗುತ್ತದೆ. ಅದಕ್ಕೂ ಬಾರದಿದ್ದರೆ ಬೆಸುಗೆ ಹಾಕುವ ಕಾದ ಕಬ್ಬಿಣವನ್ನು ತಿರುಪಿನ ತಲೆಯ ಮೇಲಷ್ಟೇ ಇಟ್ಟು ತಣಿಸುವುದು. ಉರಿ ದೀಪ ಮಾತ್ರ ಕೂಡದು, ಪಕ್ಕದಲ್ಲಿ ಮರವಿದೆ.

ಹನ್ನೊಂದು ಬಂದೂಕುಗಳು ಈ ಔಷಧಗಳಿಗೆ ಮಣಿದವು. ಬಟ್ಟಿನ ಮೇಲೆ ೭ ಎಂದು ಬರೆದದ್ದು ಮಣಿಯಲಿಲ್ಲ.

ಬಂದೂಕಿನ ಮೂತಿಗೆ ಉಕ್ಕಿನ ಒಂದು ಟೋಪಿಯಿರುತ್ತದೆ. ಅದಕ್ಕೆ ನೋಸ್‌ಕ್ಯಾಪು ಎನ್ನುತ್ತಾರೆ. ಬಯೊನೆಟ್ಟು ಸಿಕ್ಕಿಸುವುದು ಅದಕ್ಕೇ. ಬಿಚ್ಚುವಾಗ ಮೊದಲ ಸರದಿ ಅದರದು. ಎರಡು ತಿರುಪು ತೆಗೆದರೆ ಅದು ನಳಿಗೆಯ ಉದ್ದಕ್ಕೆ ಮುಂದೆ ಸರಿಯಬೇಕು. ೭ನೆಯದರ ಟೋಪಿಯನ್ನು ನೆಂದು ಉಬ್ಬಿದ ಮರ ಒಳಗಿನಿಂದ ಕಚ್ಚಿ ಹಿಡಿದಿತ್ತು. ನಮ್ಮ ಮೇಲಿನ ತರಗತಿಯ ಹುಡುಗನೊಬ್ಬ, ಕವಾಯತಿನಲ್ಲಿ ನಮಗೆ ಹುಕುಂ ಕೊಡುವವನು, ಬಾಗಿಲಲ್ಲಿ ನಿಂತು ನೋಡಿ, ಟೋಪಿಗೂ ಮರಕ್ಕೂ ನಡುವೆ ಸ್ಕ್ರೂಡ್ರೈವರು ಹಾಕಿ ಮೀಟಿದರೆ ಒಂದು ನಿಮಿಷದ ಕೆಲಸ ಎಂದ. ಉಸ್ತಾದರು ಅವನಿಗೆ ಬಹಳ ಮರ್ಯಾದೆಯಿಂದ, ಹಿಂದಿಯಲ್ಲಿ, ಚಹಾ ತರಲು ಹೇಳಿದರು.

ಆ ದಿನ ೭ನೆಯದನ್ನು ಮುಟ್ಟಲಿಲ್ಲ. ಫ್ಯಾನಿನ ಕೆಳಗೆ ಒರಗಿಸಿಟ್ಟರು. ಬಿಸಿಲಿಗಿಟ್ಟರೆ ಬೇಗ ಒಣಗೀತಲ್ಲ ಎಂದೆವು. ಬಿಸಿಲಿಗಿಟ್ಟರೆ ಮೇಲೆ ಒಣಗಿ ಒಳಗೆ ಹಸಿಯುಳಿದು ಮರ ಬಿರಿಯುತ್ತದೆಂದರು. ನಾಲ್ಕು ದಿನ ಫ್ಯಾನು ತಿರುಗಿತು. ಐದನೆಯ ದಿನ ಗಟ್ಟಿಮರದ ಒಂದು ಗಿಣ್ಣು ತೆಗೆದುಕೊಂಡು, ಟೋಪಿಯ ಹಿಂಬದಿಗೆ ಆನಿಸಿ, ಎಡಕ್ಕೊಂದು ಬಲಕ್ಕೊಂದು, ಬಾಗಿಲು ತಟ್ಟುವಷ್ಟೇ ಪೆಟ್ಟು. ಒಂದೇ ಪಕ್ಕ ಹೊಡೆದರೆ ಟೋಪಿ ಓರೆಯಾಗಿ ಇನ್ನಷ್ಟು ಕಚ್ಚುತ್ತದೆ. ನೋಟದ ಕಿವಿಗಳ ಮೇಲಂತೂ ಹೊಡೆಯಲೇಬಾರದು. ನಾವು ಎಣಿಸುತ್ತಿದ್ದೆವು. ನೂರರ ಮೇಲೆ ಎಣಿಕೆ ತಪ್ಪಿತು. ಟೋಪಿ ಒಂದು ನೂಲಿನಷ್ಟು ಸರಿದದ್ದು ಕಂಡಾಗ ನಾವು ಐವರೂ ಕೂಗಿದೆವು. ಉಸ್ತಾದರು ಕೂಗಲಿಲ್ಲ, ಸುತ್ತಿಗೆಯ ಬಲವನ್ನು ಇನ್ನೂ ಕಡಿಮೆ ಮಾಡಿದರು.

ಟೋಪಿ ಬಂತು. ಹೊರಗಿನ ಪಟ್ಟಿ ಬಂತು. ಮೇಲಿನ ಕೈಗಾಪಿನ ಮರ ಬಂತು. ಕುದುರೆಯ ಕೆಳಗಿನ ಗಾರ್ಡಿನ ಎರಡು ತಿರುಪುಗಳೂ ಬಂದವು. ಇನ್ನು ಮುಂದಿನ ಮರ ಕೆಳಕ್ಕೆ ಇಳಿಯಬೇಕು, ಬೇರೆ ಹನ್ನೊಂದರಲ್ಲಿ ಹಾಗೆಯೇ ಇಳಿದಿತ್ತು. ಇಲ್ಲಿ ಇಳಿಯಲಿಲ್ಲ. ಹಿಡಿದೆಳೆದರೆ ಒಂದಿಷ್ಟು ಬಾಗುತ್ತದೆ, ಬಿಟ್ಟರೆ ತಿರುಗಿ ಹೋಗಿ ಕೂರುತ್ತದೆ. ನಮ್ಮಲ್ಲೊಬ್ಬ ಗಟ್ಟಿಗ ಮೊಣಕಾಲಿಟ್ಟು ಜಗ್ಗಲೇ ಎಂದ.

"ಜಗ್ಗಬ್ಯಾಡ ತಮ್ಮಾ" ಎಂದರು ಉಸ್ತಾದರು. ಎರಡು ಬೆರಳಿನಿಂದ ಮರವನ್ನು ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ನೋಡಿದರು. ಕಣ್ಣು ಮುಚ್ಚಿದ್ದರು. "ತುಕ್ಕು ಹಿಡದಿದ್ರ ಸ್ಪ್ರಿಂಗಿನಂಗ ಆಡೂದಿಲ್ಲ. ಮರ ಕಚ್ಚಿದ್ರೂ ಹಿಂಗ ಆಡೂದಿಲ್ಲ. ಇದು ಬಗ್ಗತೈತಿ, ತಿರುಗಿ ಕುಂದ್ರತೈತಿ. ನಡುವ ಎಲ್ಲೋ ಸ್ಪ್ರಿಂಗ್ ಇದ್ದದ್ದು ಹಿಡಕೊಂಡೈತಿ."

ಸ್ಪ್ರಿಂಗ್ ಇರುವ ತಿರುಪು ಈ ಬಂದೂಕಿನ ಮುಂದಿನ ಮರದಲ್ಲಿ ಒಂದೇ. ನಳಿಗೆಯನ್ನು ನಡುವೆ ಸುತ್ತಿದ ಒಳಪಟ್ಟಿ ಎಂಬುದೊಂದಿದೆ. ಅದನ್ನು ಕೆಳಗಿನಿಂದ ಮರದ ಮೂಲಕ ಹಾದ ಉದ್ದ ತಿರುಪೊಂದು, ಒಂದು ಸಣ್ಣ ಸ್ಪ್ರಿಂಗಿನ ಸಹಿತ, ಹಿಡಿದಿರುತ್ತದೆ. ಬೇರೆ ಬಂದೂಕುಗಳಲ್ಲಿ ಅದರ ತಲೆ ಎದ್ದು ಕಾಣುತ್ತಿತ್ತು. ಇದರಲ್ಲಿ ಆ ಜಾಗದಲ್ಲಿ ಮರವೇ ಇತ್ತು. ಉಸ್ತಾದರು ಸೂಜಿ ಚುಚ್ಚಿದರು, ಸೂಜಿ ಒಳಗಿಳಿಯಿತು. ಮರವಲ್ಲ, ಹಳೆಯ ಗ್ರೀಸು ಒಣಗಿ ಅರಗಿನಂತೆ ಗಟ್ಟಿಯಾಗಿ, ಅದರ ಮೇಲೆ ವರ್ಷವರ್ಷದ ಕೆಡೆಟ್ಟುಗಳು ಬಳಿದ ಕಂದು ಪಾಲಿಶು ಕೂತು, ಸುತ್ತಲಿನ ಮರದ ಬಣ್ಣಕ್ಕೇ ಬಂದುಬಿಟ್ಟಿತ್ತು. ಕೆದಕಿದಂತೆ ಆಳದಲ್ಲಿ ತಿರುಪಿನ ತಲೆ ಹೊಳೆಯಿತು. ಐದು ದಿನ ಕೈಯಾಡಿಸಿದ ಮರದಲ್ಲಿ ಅದು ನಮ್ಮ ಹೆಬ್ಬೆರಳಿನ ಕೆಳಗೇ ಇತ್ತು.

ಈಗ ನಾವು ಬ್ಯಾಂಕಿನಲ್ಲಿರುವುದರಿಂದ ಒಂದು ಮಾತು ನಡುವೆ ಹೇಳಬೇಕೆನಿಸುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಹೊಸ ಗುಮಾಸ್ತರು ಮೊದಲಿಂದ ಕೊನೆಯ ತನಕ ಮತ್ತೆ ಕೂಡಲು ಕೂರುತ್ತಾರೆ. ಹಳಬರು ಮೊದಲು ವ್ಯತ್ಯಾಸದ ಮೊತ್ತವನ್ನು ನೋಡುತ್ತಾರೆ. ಅದು ಒಂಬತ್ತರಿಂದ ನಿಶ್ಶೇಷವಾಗಿ ಭಾಗಿಸಲ್ಪಟ್ಟರೆ, ಎಲ್ಲೋ ಎರಡು ಅಂಕಿ ಹಿಂದುಮುಂದಾಗಿರಬೇಕೆಂಬ ಗುಮಾನಿ: ೬೩ ಬರೆಯುವಲ್ಲಿ ೩೬ ಬರೆದರೆ ವ್ಯತ್ಯಾಸ ೨೭. ವ್ಯತ್ಯಾಸವೇ ತನ್ನ ಊರನ್ನು ಹೇಳುತ್ತದೆ. ಉಸ್ತಾದರ ಎರಡು ಬೆರಳು ಮಾಡಿದ್ದು ಇದನ್ನೇ. ಬಂದೂಕು ಬಾರೆನೆಂದಾಗ ಎಷ್ಟು ಗಟ್ಟಿಯಾಗಿ ಬಾರದು ಎಂದು ಅವರು ನೋಡಲಿಲ್ಲ. ಯಾವ ರೀತಿಯಲ್ಲಿ ಬಾರದು ಎಂದು ನೋಡಿದರು.

ಆ ತಿರುಪು ಎರಡು ಸುತ್ತಿಗೆ ಬಂತು. ಎಣ್ಣೆ, ಗ್ರೀಸಿನೊಳಗೆ ಮುಳುಗಿದ್ದುದರಿಂದ ತುಕ್ಕಿನ ಸೋಂಕೂ ಇರಲಿಲ್ಲ. ಮರವನ್ನು ಮುಂದುಗಡೆಯಿಂದಲೂ ಹಿಂದುಗಡೆಯಿಂದಲೂ ಸಮನಾಗಿ ಹಿಡಿದು ನೆಟ್ಟಗೆ ಕೆಳಗಿಳಿಸಿದೆವು. ಹಿಂದುಗಡೆಯ ತುದಿ ಚೌಕದ ಬೋಲ್ಟನ್ನು ಬಿಟ್ಟು ಹೊರಬರುವಾಗ ಉಸ್ತಾದರ ಕೈ ಅದರ ಕೆಳಗೇ ಇತ್ತು. ಮೂತಿಯ ಹತ್ತಿರ ಮರದೊಳಗೆ ನಳಿಗೆಯನ್ನು ಮೇಲಕ್ಕೆ ಒತ್ತುವ ಒಂದು ಗುಂಡಿಯೂ ಸ್ಪ್ರಿಂಗೂ ಇರುತ್ತವೆ, ಅವು ಉರುಳಿ ಹೋಗದಿರಲೆಂದು ಒಬ್ಬ ಅಂಗೈ ಒಡ್ಡಿ ನಿಂತಿದ್ದ. ಮರ ಸೀಳಿರಲಿಲ್ಲ. ನಳಿಗೆಯ ಅಡಿಯಲ್ಲಿ ಮಾತ್ರ ಎರಡು ಅಂಗೈಯಗಲ ಕಿತ್ತಳೆ ಬಣ್ಣದ ತುಕ್ಕು. ಇನ್ನೊಂದು ಮಳೆಗಾಲ ಹಾಗೆಯೇ ಬಿಟ್ಟಿದ್ದರೆ ಕಬ್ಬಿಣ ತಿಂದುಹೋಗುತ್ತಿತ್ತು. ಎಣ್ಣೆ ಹಾಕಿ, ಬಹಳ ನವುರಾದ ಉಕ್ಕಿನ ನಾರಿನಿಂದ, ನಳಿಗೆಯ ಕಪ್ಪು ಹೊಳಪು ಹೋಗದಂತೆ ಅರ್ಧ ದಿನ ಉಜ್ಜಿದೆವು.

ಉಜ್ಜುವಾಗ ಉಸ್ತಾದರು ಹಳೆಯ ಕಥೆ ಹೇಳುತ್ತಿದ್ದರು. ಹಿಂದಿನ ಕಾಲದ ಗುಂಡುಗಳ ಕ್ಯಾಪಿನಲ್ಲಿದ್ದ ಮದ್ದು ಸುಟ್ಟ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಉಪ್ಪು ಎಣ್ಣೆಗೆ ಕರಗದು, ನೀರಿಗೆ ಕರಗುತ್ತದೆ. ಅದಕ್ಕಾಗಿ ಗುಂಡು ಹಾರಿಸಿ ಬಂದ ಸಿಪಾಯಿ ನಳಿಗೆಯೊಳಗೆ ಕುದಿವ ನೀರು ಹೊಯ್ಯುತ್ತಿದ್ದ; ಹೊಯ್ಯಲು ಪ್ರತ್ಯೇಕ ಆಲಿಕೆಯಿತ್ತು. ನೀರಿನ ಬಿಸಿಗೆ ನಳಿಗೆ ತಾನೇ ಒಣಗುತ್ತಿತ್ತು, ಆಮೇಲೆ ಹಗ್ಗಕ್ಕೆ ಚಿಂದಿ ಕಟ್ಟಿ ಎಳೆದು ಎಣ್ಣೆ. ತುಕ್ಕಿನ ಶತ್ರುವಾದ ಸಿಪಾಯಿ ಬಂದೂಕಿಗೆ ನೀರು ಕುಡಿಸುತ್ತಿದ್ದನೆಂಬುದು ಕೇಳಲು ವಿಚಿತ್ರ. ಅಡುಗೆಮನೆಯ ತಾಯಂದಿರಿಗೆ ಮಾತ್ರ ವಿಚಿತ್ರವೆನಿಸಲಾರದು.

೭ನೆಯದರ ಬಟ್ಟನ್ನು ಉಸ್ತಾದರು ಬಿಚ್ಚಲೇ ಇಲ್ಲ. ಅಲುಗಾಡದೆ ಭದ್ರವಾಗಿತ್ತು, ಒಳಗೆ ನೀರು ಇಳಿದ ಗುರುತಿರಲಿಲ್ಲ. ಇನ್ನೆರಡರಲ್ಲಿ ಬಟ್ಟು ಸಡಿಲವಾಗಿತ್ತು. ಮುಂದಿನ ಮರ ತೆಗೆದ ಮೇಲೆ ಅವುಗಳ ಬೋಲ್ಟು ಬಿಗಿದರು. ಬಿಗಿದಾದ ಮೇಲೆ ಚೌಕದ ತುದಿ ನೆಟ್ಟಗೆ ನಿಂತಿದೆಯೇ ಎಂದು ಬಗ್ಗಿ ನೋಡಿದರು. ಅದು ಓರೆಯಾಗಿ ನಿಂತಿದ್ದರೆ ಮುಂದ ಮರದ ಗಾಡಿ ಅದರ ಮೇಲೆ ಕೂರದು, ಕೂರಿಸಲು ಗುದ್ದಿದರೆ ಮತ್ತೆ ಅದೇ ಸೀಳು.

ಮರಕ್ಕೆ ಹಚ್ಚಿದ್ದು ಹಸಿ ಅಗಸೆ ಎಣ್ಣೆ. ಬ್ರಿಟಿಷರ ಕಾಲದಿಂದ ಬಂದೂಕಿನ ಮರಕ್ಕೆ ಅದೇ. ಉಸ್ತಾದರು ಶೀಸೆ ತೆರೆದಾಗ ನಾವಿಬ್ಬರು ಕನ್ನಡಿಗರೂ ಮುಖ ಮುಖ ನೋಡಿಕೊಂಡೆವು: ನಮ್ಮ ಮನೆಗಳಲ್ಲಿ ರೊಟ್ಟಿಯ ಜೊತೆಗೆ ಬರುವ ಅಗಸಿ ಚಟ್ನಿಯ ವಾಸನೆ. ಉಸ್ತಾದರಿಗೂ ಅದು ಹೊಳೆದಿರಬೇಕು. "ಊರಾಗ ತಿಂತೀವಿ, ಇಲ್ಲಿ ಬಂದೂಕಿಗೆ ತಿನ್ನಸ್ತೀವಿ" ಎಂದರು. ಅಂಗೈಯಲ್ಲಿ ಸ್ವಲ್ಪವೇ ಸುರಿದುಕೊಂಡು, ಅಂಗೈ ಬಿಸಿಯಾಗುವ ತನಕ ತಿಕ್ಕಬೇಕು. ಒಂದು ಪದರ, ಒಂದು ದಿನ, ಮತ್ತೊಂದು ಪದರ. ಮರುದಿನ ಸಂಜೆ ನಮ್ಮವರೊಬ್ಬರ ಮನೆಯಿಂದ ಅವರಿಗೆ ರೊಟ್ಟಿಯೂ ಚಟ್ನಿಯೂ ಬಂತು. ಅವರ ಸಂಸಾರ ಊರಿನಲ್ಲಿತ್ತು. ಬ್ಯಾರಕ್ಕಿನ ಊಟ ಮಾಡುವವರು. ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಳದ ತಿರುಪಿಗೆ ಒಂದು ಹನಿ ಎಣ್ಣೆ ಬಿಟ್ಟು ಹಿಂದಕ್ಕೆ ಕೊಟ್ಟರು.

ಕೂಡಿಸುವುದು ಬಿಚ್ಚಿದ್ದರ ತಿರುವುಮುರುವು. ರಟ್ಟಿನ ಮೇಲೆ ತಿರುಪುಗಳು ಸಾಲಾಗಿ ಕಾದಿದ್ದವು. ಒಂದೇ ವಿಶೇಷ: ಯಾವ ತಿರುಪನ್ನೂ ಒಮ್ಮೆಗೇ ಪೂರ್ತಿ ಬಿಗಿಯದೆ, ಎಲ್ಲವನ್ನೂ ಅವುಗಳ ಜಾಗಕ್ಕೆ ಕೂರಿಸಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ಸರದಿಯ ಮೇಲೆ ಬಿಗಿದರು. ಮುಂದಿನ ಗಾರ್ಡಿನ ತಿರುಪಿನ ಸುತ್ತ ಮರದೊಳಗೊಂದು ಉಕ್ಕಿನ ಬಳೆಯಿರುತ್ತದೆ. ಅದನ್ನು ಮರೆತು ಬಿಗಿದರೆ ಮರ ಹಿಸುಕಿಹೋಗುತ್ತದೆ. ಅದಕ್ಕಾಗಿ ಆ ಬಳೆಯನ್ನು ಕಾಯಲೆಂದೇ ನಮ್ಮಲ್ಲೊಬ್ಬನನ್ನು ನೇಮಿಸಿದ್ದರು.

ಆಗಸ್ಟ್ ಕೊನೆಯಲ್ಲಿ ಹನ್ನೆರಡೂ ಬಂದೂಕುಗಳು ಲಾರಿ ಹತ್ತಿದವು. ಮೂರರ ಮುಂದೆ 'ಮರ ಹಳೆಯ ಸೀಳು' ಎಂದು ಉಸ್ತಾದರೇ ಬರೆದು, ಸೀಳು ಹಳೆಯದೆಂದು ಹೇಳುವ ಕಾರಣವನ್ನೂ ಕೆಳಗೆ ಬರೆದರು. ಒಳಗಿನ ಎಣ್ಣೆಯ ಕಪ್ಪನ್ನು ಬರೆದ ಆ ನಾಲ್ಕು ಸಾಲು ಒಪ್ಪಿಕೊಂಡ ಅಧಿಕಾರಿಗೆ ಸಾಕಾಯಿತು, ವಿಚಾರಣೆ ನಡೆಯಲಿಲ್ಲ. ೭ನೆಯದರ ಮುಂದೆ ಒಂದೇ ಶಬ್ದ, 'ಠೀಕ್'.

ಅದೇ ವರ್ಷ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾಯಿತು. ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಕೆಲವು ಪೋಲೀಸರ ಕೈಯಲ್ಲಿದ್ದದ್ದು ಇದೇ ೩೦೩ ಬಂದೂಕು. ಎದುರಿಗಿದ್ದವರ ಕೈಯಲ್ಲಿ ಒಂದೇ ಸಮನೆ ಉಗುಳುವ ರೈಫಲುಗಳು. ಚಿತ್ರಗಳನ್ನು ತಾವೆಲ್ಲರೂ ನೋಡಿದ್ದೀರಿ. ನಾವು ನೋಡಿದಾಗ ನಮ್ಮ ಕಣ್ಣು ಹೋದದ್ದು ಆ ನೋಸ್‌ಕ್ಯಾಪಿನ ಮೇಲೆ, ಆ ಬೋಲ್ಟಿನ ಮೇಲೆ. ಒಂದು ಗುಂಡು ಹಾರಿಸಿ ಬೋಲ್ಟು ಎಳೆದು ಮತ್ತೆ ಮುಂದೂಡಲು ಎಷ್ಟು ಹೊತ್ತು ಬೇಕೆಂದು ನಮ್ಮ ಕೈಗೆ ಗೊತ್ತಿತ್ತು. ಅದರ ಮುಂದೆ ನಿಂತವರ ಧೈರ್ಯವನ್ನು ನಾವು ಅಳೆಯಲಾರೆವು. ಆ ಬಂದೂಕು ತನ್ನ ಕಾಲವನ್ನು ಮೀರಿ ಬಹಳ ದಿನ ದುಡಿಯಿತೆಂಬುದು ಮಾತ್ರ ನಿಜ. ಉತ್ತರ ಪ್ರದೇಶದ ಪೋಲೀಸರು ೨೦೨೦ರ ಗಣರಾಜ್ಯೋತ್ಸವದಲ್ಲಿ ಅದನ್ನು ಕೊನೆಯ ಸಾರಿ ಹಿಡಿದು ನಡೆದು ಬೀಳ್ಕೊಟ್ಟರು.

ಉಸ್ತಾದರು ೨೦೧೦ರಲ್ಲಿ ನಿವೃತ್ತರಾಗಿ ಊರಿಗೆ ಹೋದರು. ಹೋಗುವ ಮುನ್ನ ತಮ್ಮ ಎಂಟು ಸ್ಕ್ರೂಡ್ರೈವರುಗಳಲ್ಲಿ ಸ್ವಂತ ದುಡ್ಡಿನಿಂದ ಕೊಂಡು ಉಜ್ಜಿಕೊಂಡ ಎರಡನ್ನು ನಮಗೆ ಕೊಟ್ಟರು. ಉಳಿದವು ಸರಕಾರದವು, ಪೆಟ್ಟಿಗೆಯ ಸಮೇತ ಎಣಿಸಿ ಒಪ್ಪಿಸಿದರು. ಅವೆರಡರಲ್ಲಿ ಒಂದು ನಮ್ಮ ಮನೆಯ ಹೊಲಿಗೆ ಯಂತ್ರದ ಅಡಿಯ ತಿರುಪಿಗೆ ಸರಿಯಾಗಿ ಕೂರುತ್ತದೆ. ಇಂದು ಬರುವಾಗ ಜೇಬಿನಲ್ಲಿ ತಂದಿದ್ದೇವೆ. ತುದಿ ಹೇಗೆ ಉಜ್ಜಿದೆಯೆಂದು ನೋಡಬೇಕೆನ್ನುವವರು ಚಹದ ಹೊತ್ತಿನಲ್ಲಿ ನೋಡಬಹುದು. ಪೇಂಟಿನ ಡಬ್ಬ ತೆರೆಯಲು ಮಾತ್ರ ಕೇಳಬಾರದು.